ಗುರುವಾರದ ಮಳೆ ಬುಧವಾರ ಬಂತು

ನಮ್ಮೂರಿಗೆ ಮಳೆ ಹೇಳುತ್ತಿದ್ದವರು ನನ್ನ ಅಪ್ಪ. ಈಗಲೂ ಅವರೇ ಹೇಳುತ್ತಾರೆ. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಬರುವ ರಸ್ತೆಯಿಂದ ಒಂದಷ್ಟು ಒಳಕ್ಕೆ, ಕಾಲುವೆಯ ನೀರು ಹತ್ತದ ದಿಣ್ಣೆಯ ಮೇಲಿದೆ ಊರು. ಅಲ್ಲಿ ಅಪ್ಪನದು ಬೀಜ, ಗೊಬ್ಬರದ ಅಂಗಡಿ. ಬೆಳಿಗ್ಗೆ ಸ್ನಾನ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಒದ್ದೆಯಾಗಿರುವಾಗಲೇ ಷಟರ್ ಎತ್ತಿ, ಊದುಬತ್ತಿ ಹಚ್ಚಿ, ಫೋನನ್ನು ದೂರಕ್ಕೆ ಹಿಡಿದು ಹವಾಮಾನ ಓದುತ್ತಿದ್ದರು. ಕೇಳಲು ಅಂಗಡಿಯ ಜಗಲಿಯ ಮೇಲೆ ಜನ ಕೂತಿರುತ್ತಿದ್ದರು. ಅವರೆಲ್ಲರ ಕೈಯಲ್ಲೂ ಫೋನಿತ್ತು. ಆದರೂ ಅಪ್ಪನ ಬಾಯಿಂದಲೇ ಕೇಳಬೇಕಿತ್ತು.

ಯಾಕೆಂದರೆ ಅಪ್ಪ ಫೋನಿನಲ್ಲಿದ್ದದ್ದನ್ನು ಇದ್ದ ಹಾಗೆ ಓದುತ್ತಿರಲಿಲ್ಲ. ಯುಗಾದಿಯ ದಿನ ಗುಡಿಯಲ್ಲಿ ಪಂಚಾಂಗ ಓದಿಸುತ್ತಾರಲ್ಲ, ಈ ವರ್ಷ ಸಮುದ್ರಕ್ಕೆ ಎಷ್ಟು ಮಳೆ, ಬೆಟ್ಟಕ್ಕೆ ಎಷ್ಟು, ಭೂಮಿಗೆ ಎಷ್ಟು ಎಂದು, ಅದನ್ನು ನೆನಪಿಟ್ಟುಕೊಂಡು ಉಪಗ್ರಹದ ಚಿತ್ರದ ಜೊತೆ ಕಲಸುತ್ತಿದ್ದರು. ಬೇಸಿಗೆಯ ಮಳೆಗಳನ್ನು ನಾವು ನಕ್ಷತ್ರದ ಹೆಸರಿನಿಂದಲೇ ಕರೆಯುವುದು. ಮೊದಲು ಅಶ್ವಿನಿ, ಆಮೇಲೆ ಭರಣಿ, ಅದಾದ ಮೇಲೆ ಕೃತ್ತಿಕೆ. ಎಳ್ಳು, ಅಲಸಂದೆ, ಹೆಸರು ಎಲ್ಲವೂ ಭರಣಿಯನ್ನು ನಂಬಿಕೊಂಡ ಬೆಳೆಗಳು. ಫೋನು 'ಗುಡುಗು ಸಹಿತ ಮಳೆಯಾಗುವ ಸಾಧ್ಯತೆ' ಎನ್ನುತ್ತಿತ್ತು. ಅಪ್ಪ "ಭರಣಿ ಬತ್ತದೆ" ಎನ್ನುತ್ತಿದ್ದರು.

ನಾನು ಮೈಸೂರಿನಲ್ಲಿ ಭೂಗೋಳ ಓದಿ, ನರಸೀಪುರದ ಒಂದು ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತಾ ಅಲ್ಲೇ ಮನೆ ಮಾಡಿಕೊಂಡಿರುವವಳು. ಊರಿಗೆ ಹೋದಾಗಲೆಲ್ಲ ಅಪ್ಪನಿಗೆ ಹೇಳುತ್ತಿದ್ದೆ, ಸಾಧ್ಯತೆ ಅನ್ನೋ ಮಾತನ್ನ ಬಿಡಬೇಡಿ, ಅದೇ ಮುಖ್ಯ ಅಂತ.

"ಸಾಧ್ಯತೆ ಅಂತ ಏಳ್ಕಂಡ್ ಕೂತ್ರೆ ಯಾವನ್ ಬೀಜ ತಕ್ಕತನೆ ಕೂಸು?" ಅಪ್ಪ ನಗುತ್ತಿದ್ದರು. "ನಿಂಗೆ ಪಾಠ ಮಾಡಿದ್ರೆ ಸಂಬಳ ಬತ್ತದೆ. ಮಳೆ ಬರ್ಲಿ ಬುಡ್ಲಿ."

ಓದುವ ದಿನಗಳಿಂದಲೂ ನನಗೆ ಡೈರಿ ಬರೆಯುವ ಅಭ್ಯಾಸವಿದೆ. ಆದರೆ ನಾನೀಗ ಹೇಳಹೊರಟಿರುವ ವಾರದಲ್ಲಿ ಅಲ್ಲಿರುವುದು 'ಸೆಕೆ', 'ಅಪ್ಪನ ಫೋನ್' ಎಂಬಂಥ ಒಂದೆರಡು ಮಾತು ಮಾತ್ರ. ಉಳಿದದ್ದೆಲ್ಲ ನೆನಪು. ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅದು ಅಪ್ಪನ ಹಾಗೆಯೇ, ಸಾಧ್ಯತೆಯನ್ನು ಬಿಟ್ಟು ಓದುತ್ತದೆ.

ಅಪ್ಪನ ಅಕ್ಕ, ನನ್ನ ಅತ್ತೆ, ನಮ್ಮ ಮನೆಯಲ್ಲೇ ಇದ್ದಳು. ಅವಳಿಗೆ ಮದುವೆಯಾಗಿರಲಿಲ್ಲ. ಹದಿಹರೆಯದಲ್ಲಿ ತುಟಿಯ ಅಂಚಿನಲ್ಲಿ ಶುರುವಾದ ಬಿಳುಪು ಕಣ್ಣಿನ ಸುತ್ತ ಹರಡಿ, ಕೈಗಳಲ್ಲಿ ಮೊಣಕೈವರೆಗೂ ಏರಿತ್ತು. ಚಿಕ್ಕವಳಿದ್ದಾಗ ನಾನು ಅದನ್ನು ಹಾಲು ಕಾಯಿಸುವಾಗ ಚೆಲ್ಲಿಕೊಂಡದ್ದು ಎಂದುಕೊಂಡಿದ್ದೆ. ಅಂಟುವ ಕಾಯಿಲೆಯಲ್ಲ, ನೋವಿಲ್ಲ, ಬಣ್ಣ ಮಾತ್ರ ಎಂದು ಡಾಕ್ಟರು ಹೇಳಿದ್ದರು. ಊರು ಅದನ್ನು ತೊನ್ನು ಎಂದು ಕರೆದು ಅಲ್ಲಿಗೆ ಮುಗಿಸಿತ್ತು.

ಅವಳೂ ಊರಿಗೆ ಏನೂ ಬಾಕಿ ಉಳಿಸಿಕೊಳ್ಳುತ್ತಿರಲಿಲ್ಲ. ಮನೆಗೆ ಬಂದವರಿಗೆಲ್ಲ ಬೇಕೆಂದೇ ತನ್ನ ಕೈಯಿಂದಲೇ ನೀರು, ಮಜ್ಜಿಗೆ ಕೊಡುತ್ತಿದ್ದಳು. ನಮ್ಮ ಪಕ್ಕದ ಹೊಲದವನು ಅಪ್ಪನಿಗೆ ಬಾಲ್ಯದ ಗೆಳೆಯ, ಒಂದು ಅವಧಿ ಪಂಚಾಯ್ತಿ ಮೆಂಬರೂ ಆಗಿದ್ದವನು. ಊರಿನಲ್ಲಿ ಅವನನ್ನು ಈಗಲೂ ಮೆಂಬರು ಎಂದೇ ಕರೆಯುತ್ತಾರೆ. ಅವನು ಒಮ್ಮೆ ಅವಳು ಕೊಟ್ಟ ಮಜ್ಜಿಗೆಯ ಲೋಟವನ್ನು ಜಗಲಿಯ ಅಂಚಿಗಿಟ್ಟು, "ಈಗ್ ತಾನೇ ಕುಡ್ದು ಬಂದೆ ಅಕ್ಕೋ" ಎಂದ.

"ಕುಡಿ ಕಣ್ಲಾ," ಎಂದಳು ಅತ್ತೆ. "ಒಸಿ ಬೆಳ್ಳಗಾಯ್ತೀಯ. ನಿನ್ ಎಂಡ್ತಿಗೂ ಕತ್ಲಲ್ಲಿ ನೀನ್ ಎಲ್ಲಿದ್ದೀಯ ಅಂತ ಕಾಣ್ತದೆ."

ಜಗಲಿಯ ಮೇಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. ಮಜ್ಜಿಗೆ ಮಾತ್ರ ಕುಡಿಯಲಿಲ್ಲ.

ಬೇಸಿಗೆಯಲ್ಲಿ ಅವಳ ಕೆಲಸ ಸಂಡಿಗೆ. ಮಾಳಿಗೆಯ ಮೇಲೆ ಅಂಗಡಿಯ ನೀಲಿ ಟಾರ್ಪಾಲು ಹಾಸಿ ಇಡುತ್ತಿದ್ದಳು. ಅದಕ್ಕೂ ಮಳೆಯ ಲೆಕ್ಕಾಚಾರ ಬೇಕು. ಅಪ್ಪ ಇವತ್ತು ಮಳೆ ಎಂದ ದಿನ ಹಿಟ್ಟು ಕಾಯಿಸಿ ಸಂಡಿಗೆ ಇಡುವುದು, ಬಿಸಿಲು ಎಂದ ದಿನ ಎತ್ತಿಡುವುದು ಅವಳ ಪದ್ಧತಿ. "ನನ್ ತಮ್ಮನ್ ಫೋನು ಮಳೆ ಅಂದದೆ, ತತ್ತಾ ಸಂಡ್ಗೆ ಇಟ್ಟ" ಎಂದು ಜಗಲಿಗೆ ಕೇಳುವ ಹಾಗೆ ಕೂಗುತ್ತಿದ್ದಳು. ಅರ್ಧಕ್ಕರ್ಧ ಸಲ ಅವಳೇ ಗೆಲ್ಲುತ್ತಿದ್ದಳು. ಬೇಸಿಗೆಯ ಮಳೆಯಲ್ಲಿ ಹಾಗೆ ಯಾರು ಬೇಕಾದರೂ ಗೆಲ್ಲಬಹುದು.

ಆ ವರ್ಷ ಯುಗಾದಿ ಆದ ಸ್ವಲ್ಪ ದಿನಕ್ಕೇ, ಮಧ್ಯಾಹ್ನ ಸಂಡಿಗೆ ತಿರುವಿ ಹಾಕಲು ಮಾಳಿಗೆಗೆ ಹೋದವಳು ಇಳಿದು ಬರಲಿಲ್ಲ. ಅವ್ವ ಹತ್ತಿ ನೋಡಿದಾಗ ಟಾರ್ಪಾಲಿನ ಪಕ್ಕ ಬಿದ್ದಿದ್ದಳು. ಬಿಸಿಲು ಬಡಿಯಿತೋ, ಎದೆ ನಿಂತಿತೋ ಗೊತ್ತಿಲ್ಲ. ಅಂದು ಫೋನಿನಲ್ಲಿ ಬಿಸಿಗಾಳಿಯ ಎಚ್ಚರಿಕೆಯೂ ಇತ್ತು ಎಂದು ಆಮೇಲೆ ನೋಡಿದೆ. ಅಪ್ಪ ಅದನ್ನು ಓದಿರಲಿಲ್ಲ. ಬಿಸಿಲಿಗೆ ಯಾರೂ ಬೀಜ ಕೊಳ್ಳುವುದಿಲ್ಲ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಉಪ್ಪು ತುಂಬಿ ಹೂಳುತ್ತಾರೆ. ಅತ್ತೆಯನ್ನೂ ನಮ್ಮ ಹೊಲದ ಮೂಲೆಯಲ್ಲಿ ಹಾಗೆಯೇ ಹೂತೆವು. ಮಣ್ಣು ಎಳೆಯುವಾಗ ಹಿಂದಿನಿಂದ ಯಾರೋ ಮೆಲ್ಲಗೆ, "ತೊನ್ನಿರೋರ್ನ ಊಳಬಾರ್ದಪ್ಪ, ಮಳೆ ನಿಂತೋಯ್ತದೆ" ಎಂದರು. ಅಪ್ಪ ತಿರುಗಿ, "ಯಾವನ್ಲಾ ಅದು?" ಎಂದು ಗದರಿದರು. ಅಪ್ಪನ ಆ ಗದರಿಕೆ ನನಗೆ ಚೆನ್ನಾಗಿ ನೆನಪಿದೆ. ಅವ್ವನಿಗೂ ನೆನಪಿದೆ. ಆದ್ದರಿಂದ ಅದು ನಡೆದಿರಬೇಕು.

ಅಶ್ವಿನಿ ಮಳೆಯ ಕೊನೆಯಲ್ಲಿ ಅಪ್ಪ ಜಗಲಿಯ ಜನಕ್ಕೆ ಹೇಳಿದರು: "ಕಾಯ್ಬೇಡಿ. ಒಣ ಮಣ್ಗೇ ಬೀಜ ಆಕಿ. ಭರಣಿ ಮೊದಲ್ನೇ ದಿನದಲ್ಲೇ ಇಡ್ಕತದೆ." ಜನ ಹಾಕಿದರು. ಒಂದು ಸಂಜೆ ತುಂತುರು ಬಂತು, ಬೀಜ ಬಿರಿಯುವಷ್ಟು ಮಾತ್ರ. ಆಮೇಲೆ ಬಿಸಿಲು. ಮೊಳಕೆ ಮಣ್ಣಿನಿಂದ ತಲೆ ಹೊರಗಿಟ್ಟು ಅಲ್ಲೇ ಕರಕಲಾಯಿತು. ಹೊಳೆಯಾಚೆ ಮಳೆ ಬಂತು. ಬನ್ನೂರಿನಲ್ಲಿ ಬಂತು. ನರಸೀಪುರದಲ್ಲಿ ನನ್ನ ಮನೆಯ ಮುಂದೆ ಚರಂಡಿ ತುಂಬಿ ಹರಿಯಿತು. ನಮ್ಮೂರಿನ ದಿಣ್ಣೆಯ ಮೇಲೆ ದಿನಾ ಮೋಡ ಕಟ್ಟುತ್ತಿತ್ತು, ಗುಡುಗುತ್ತಿತ್ತು, ಪಕ್ಕಕ್ಕೆ ಹೋಗುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ನಾನು ಊರಿನಲ್ಲಿದ್ದೆ. ಒಬ್ಬ ಮುದುಕಿ ಅಂಗಡಿಗೆ ಬಂದು ಸೆರಗಿನಿಂದ ಮಣ್ಣು ಮೆತ್ತಿದ ಅಲಸಂದೆ ಕಾಳನ್ನು ಅಪ್ಪನ ಮುಂದೆ ಸುರಿದಳು. ಕೆಲವು ಕಾಳಿಗೆ ಬಾಲದಂಥ ಒಣಗಿದ ಮೊಳಕೆ ಇತ್ತು. "ತಕಳಪ್ಪ, ನಿನ್ ಭರಣಿ," ಎಂದಳು. "ಉರ್ಕಂಡ್ ತಿನ್ನು."

ಜಗಲಿಯಲ್ಲಿದ್ದವರು ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಒಬ್ಬ, "ನಿನ್ ಫೋನು ನಂಬ್ಕಂಡು ಬೀಜ ಆಕ್ದೋ ಅಣ್ಣ" ಎಂದ. ಇನ್ನೊಬ್ಬ, "ಫೋನ್ನ ಯಾಕ್ ಬೈತೀಯ, ಬೀಜ ಮಾರ್ಬೇಕಿತ್ತು ಮಾರವ್ನೆ" ಎಂದ. ಅಪ್ಪ ಕಾಳುಗಳನ್ನು ಕೈಯಿಂದ ಒಂದು ಕಡೆ ಸರಿಸುತ್ತಾ ನಿಂತಿದ್ದರು. ಇಷ್ಟು ವರ್ಷ ಅವರ ಬಾಯಿ ನೋಡುತ್ತಿದ್ದ ಜನ ಈಗ ಅವರ ಕೈ ನೋಡುತ್ತಿದ್ದರು. ನಾನು ನಡುವೆ ಬಾಯಿ ಹಾಕಿ, ಬೇಸಿಗೆಯ ಮೋಡ ಕಾದ ನೆಲದಿಂದ ಮೇಲೇಳುತ್ತದೆ, ಅದರ ಅಗಲ ಕಡಿಮೆ, ಒಂದು ಊರಿಗೆ ಸುರಿದು ಪಕ್ಕದ ಊರನ್ನು ಬಿಡುತ್ತದೆ ಎಂದು ತರಗತಿಯಲ್ಲಿ ಹೇಳುವಂತೆ ಹೇಳಿದೆ.

"ಎತ್ತಿನ್ ಒಂದ್ ಕೊಂಬು ನೆನೀತದೆ, ಒಂದ್ ನೆನಿಯಲ್ಲ, ಅದ್ ನಮ್ಗೂ ಗೊತ್ತು ಮೇಡಮ್ಮು," ಎಂದ ಮೆಂಬರು. "ದಿನಾ ಅದೇ ಕೊಂಬು ಯಾಕ್ ಒಣಗ್ತದೆ ಏಳಿ."

ಆಕಸ್ಮಿಕ ಎನ್ನುವುದನ್ನು ಉತ್ತರ ಎಂದು ಒಪ್ಪುವವರು ಅಲ್ಲಿ ಯಾರೂ ಇರಲಿಲ್ಲ.

ಆಗ ಮೆಂಬರು ಜಗಲಿಯಿಂದ ಎದ್ದು ಅಪ್ಪನ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟ. ದನಿಯಲ್ಲಿ ನಿಜವಾದ ಪ್ರೀತಿ ಇತ್ತು. "ಅಣ್ಣೋ, ನಿನ್ ತಪ್ಪಲ್ಲ ಕಣ. ಫೋನಿನ್ ತಪ್ಪೂ ಅಲ್ಲ. ನೀನ್ ಏಳ್ದಂಗೇ ಮಳೆ ಒಂಟದೆ. ನಮ್ ಗಡಿಗ್ ಬಂದು ನಿಂತ್ಕಂಡದೆ. ತಡ್ದೋರ್ ಯಾರು ಅಂತ ನಿಂಗೂ ಗೊತ್ತು."

ಎಲ್ಲರೂ ಅಪ್ಪನ ಮುಖ ನೋಡಿದರು. ಅಲ್ಲಿ ಅಪ್ಪ ಎರಡು ಮಾತಿನಲ್ಲಿ ಒಂದನ್ನು ಹೇಳಬಹುದಿತ್ತು. 'ನಾನು ಹೇಳಿದ್ದು ತಪ್ಪಾಯಿತು' ಎಂದರೆ ಮುಂದೆ ಯಾರೂ ಬೆಳಿಗ್ಗೆ ಜಗಲಿಗೆ ಬರುತ್ತಿರಲಿಲ್ಲ, ಆದರೆ ಅತ್ತೆ ಮಣ್ಣಿನಲ್ಲಿ ಇರುತ್ತಿದ್ದಳು. ಇನ್ನೊಂದು ಮಾತನ್ನು ಅವನೇ ಹೇಳಿ ಅಪ್ಪನ ಕೈಗೆ ಕೊಟ್ಟಿದ್ದ. ಸುಮ್ಮನೆ ಇಟ್ಟುಕೊಂಡರೆ ಸಾಕಿತ್ತು.

ಅಪ್ಪ ಅಂಗೈಗೆ ಮೆತ್ತಿದ ಮಣ್ಣನ್ನು ಪಂಚೆಗೆ ಒರೆಸಿಕೊಂಡರು. ಆಮೇಲೆ, "ಒಸಿ ದಿನ ತಡೀರಿ. ಯೋಚ್ನೆ ಮಾಡ್ತೀನಿ," ಎಂದರು.

"ತಗುದ್ಬುಟ್ಟು ಸುಟ್ರೆ ಆಯ್ತು," ಎಂದಳು ಮುದುಕಿ, ಕಾಳು ಸುರಿದ ಸೆರಗನ್ನು ಕೊಡವುತ್ತಾ. "ಅವ್ಳೇನು ಬ್ಯಾಡ ಅಂತಾಳಾ?"

ನಾನು ನರಸೀಪುರಕ್ಕೆ ವಾಪಸ್ಸು ಬಂದ ಮರುದಿನ, ಸೋಮವಾರ ಸಂಜೆ, ಅಪ್ಪ ಫೋನ್ ಮಾಡಿದರು. ಕ್ಷೇಮ ಕೇಳಲಿಲ್ಲ. "ಕೂಸು, ಬಂಗಾಳ ಕೊಲ್ಲೀಲಿ ಏನೋ ಎದ್ದದೆ ಅಂತಾರೆ. ನೋಡು."

ನೋಡಿದೆ. ವಾಯುಭಾರ ಕುಸಿತ ಇತ್ತು. ಇದು ಬೇಸಿಗೆಯ ಬಿಡಿ ಮೋಡವಲ್ಲ, ಅಗಲವಾದದ್ದು. ಬಂದರೆ ಹೊಳೆಯ ಆಚೆ ಈಚೆ ಎಂದು ನೋಡುವಂಥದ್ದಲ್ಲ. ಹವಾಮಾನದ ಎಲ್ಲ ಕಂಪ್ಯೂಟರ್ ಮಾದರಿಗಳೂ ಗುರುವಾರವನ್ನೇ ತೋರಿಸುತ್ತಿದ್ದವು. ನನಗೆ ಎಷ್ಟು ಖುಷಿಯಾಯಿತೆಂದರೆ ಓಡಿಬಂದವಳ ಹಾಗೆ ಉಸಿರು ಬಿಡುತ್ತಾ ಹೇಳಿದೆ: "ಗುರುವಾರ ಅಪ್ಪ. ಈ ಸಲ ಎಲ್ಲ ಕಡೆ. ನಮ್ಮೂರಿಗೂ."

"ಖಚಿತನಾ?"

"ಸಾಧ್ಯತೆ ತುಂಬಾ ಜಾಸ್ತಿ ಇದೆ."

"ಅದ್ ಬುಡು. ಖಚಿತನಾ?"

"ಹ್ಞೂಂ ಅಪ್ಪ."

ಆಮೇಲೆ, "ಗುರುವಾರಕ್ಕೂ ಮುಂಚೆ ಬರಲ್ಲ ತಾನೆ?" ಎಂದು ಕೇಳಿದರು.

ಮಳೆ ಬೇಗ ಬರುತ್ತದೆಯೇ ಎಂದು ಕೇಳುವವರನ್ನು ನೋಡಿದ್ದೇನೆ. ಬೇಗ ಬರುವುದಿಲ್ಲ ತಾನೆ ಎಂದು ಅಪ್ಪ ಕೇಳಿದ್ದು ವಿಚಿತ್ರವೆನಿಸಿತು ಎಂದು ಈಗ ಅನ್ನಿಸುತ್ತದೆ. ಆಗಲೂ ಹಾಗೆನಿಸಿತ್ತೇ? ಇಲ್ಲ ಎಂದೇ ನನ್ನ ಅನುಮಾನ. ಬರಲ್ಲ ಎಂದು ಹೇಳಿ, ಊಟ ಮಾಡಿ ಮಲಗಿದೆ. ಅಂದು ಚೆನ್ನಾಗಿ ನಿದ್ದೆ ಬಂತು.

ಬುಧವಾರ ಬೆಳಿಗ್ಗೆ ಅವ್ವನ ಫೋನ್ ಬಂತು. "ಬಾ. ಇವತ್ತು ಅತ್ಗೆನ ತಗೀತಾರಂತೆ. ನಿಮ್ಮಪ್ಪನೇ ದಿನ ಗೊತ್ತು ಮಾಡವ್ರೆ."

ಬಸ್ಸಿನಲ್ಲಿ ಕೂತು, ಜೊತೆಯಲ್ಲಿ ಓದಿದ್ದ ಒಬ್ಬ ವಕೀಲೆಗೆ ಫೋನ್ ಮಾಡಿದೆ. ಅನುಮತಿಯಿಲ್ಲದೆ ಹೆಣ ತೆಗೆಯುವುದು ಅಪರಾಧವೇ ಎಂದಳು. "ದೂರು ಕೊಡು. ಆದ್ರೆ ಕೊಟ್ರೆ ಮೊದಲನೇ ಹೆಸರು ನಿಮ್ಮಪ್ಪನದೇ ಬರತ್ತೆ. ಕೊಡ್ತೀಯಾ?" ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲ ಎಂಬಂತೆ ಹಲೋ ಹಲೋ ಎಂದೆ. ಅವಳಿಗೂ ಅರ್ಥವಾಯಿತೆಂದು ಕಾಣುತ್ತದೆ, ಮತ್ತೆ ಕೇಳಲಿಲ್ಲ.

ನಾನು ಹೊಲ ಮುಟ್ಟುವಾಗ ಮಧ್ಯಾಹ್ನ ತಿರುಗಿತ್ತು. ಅಪ್ಪ ಗುಂಡಿಯ ಪಕ್ಕ ನಿಂತಿದ್ದರು. "ನಾಳೆ ಮಳೆ ಬರತ್ತೆ ಅಪ್ಪ. ಒಂದು ದಿನ, ಒಂದೇ ದಿನ ತಡೀರಿ" ಎಂದೆ.

"ಗೊತ್ತು," ಎಂದರು. "ಅದ್ಕೇ ಇವತ್ತು."

ನನಗೆ ಅಲ್ಲಿಯವರೆಗೂ ಹೊಳೆದಿರಲಿಲ್ಲ. ಮಳೆ ಬಂದುಬಿಟ್ಟರೆ ಅತ್ತೆಯ ತಪ್ಪೇನೂ ಇಲ್ಲವೆಂದಾಗುತ್ತಿತ್ತು. ಆಗ ಉಳಿಯುವುದು ಅಪ್ಪನ ತಪ್ಪು ಮಾತ್ರ. ಹಿಂದಿನ ದಿನ ತೆಗೆದು ಸುಟ್ಟರೆ ಮಾರನೆಯ ದಿನದ ಮಳೆ ಎಲ್ಲರ ಮಾನ ಉಳಿಸುತ್ತಿತ್ತು, ಫೋನಿನದೂ ಸೇರಿ.

ಮೂಗಿಗೆ ಟವೆಲ್ ಕಟ್ಟಿಕೊಂಡು ನಾಲ್ಕೈದು ಜನ ಅಗೆಯುತ್ತಿದ್ದರು. ಕೂರಿಸಿ ಹೂತದ್ದರಿಂದ ಮೊದಲು ಸಿಕ್ಕಿದ್ದು ತಲೆ. ಕೂದಲಿಗೆ ಗುದ್ದಲಿ ತಾಗಿತು. "ನಿಧಾನ ಕಣ್ರಲಾ," ಎಂದ ಮೆಂಬರು. "ಅಕ್ಕ ಬೈತಾಳೆ." ಒಂದಿಬ್ಬರು ನಕ್ಕರು. ಒಣಮಣ್ಣು, ಉಪ್ಪು, ವಿಭೂತಿಗಳು ಅವಳನ್ನು ಪೂರ್ತಿ ಕೊಳೆಯಲು ಬಿಟ್ಟಿರಲಿಲ್ಲ. ಮುಖ ಎದ್ದು ಬಂದಾಗ ಎಲ್ಲರೂ ಬಗ್ಗಿ ನೋಡಿದರು.

"ಎಲ್ಲಲಾ ಬಿಳ್ಪು?"

ಬಿಳುಪು ಇರಲಿಲ್ಲ. ತುಟಿ, ಕಣ್ಣಿನ ಸುತ್ತ, ಕೈ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿದ್ದವು, ಕಪ್ಪು ಮಿಶ್ರಿತ ಕಂದು. ಬದುಕಿದ್ದಾಗ ಊರು ಬೇಡಿದ್ದ ಬಣ್ಣ.

"ಇವ್ಳೇನಾ?"

"ಇನ್ಯಾರು, ನಿಮ್ಮವ್ವನ್ನ ಊತಿದ್ರಾ ಇಲ್ಲಿ? ಎತ್ತು ಮೇಲಕ್ಕೆ."

ಅಂಗೈಯಲ್ಲಿ ಲಿಂಗವಿತ್ತು. ಅದನ್ನು ಸುಡಬಾರದು. ಹೂಳುವಾಗ ಮಂತ್ರ ಹೇಳಲು ಬಂದಿದ್ದ ಅಯ್ನೋರು ಇವತ್ತು ಹೊಟ್ಟೆನೋವೆಂದು ಬಂದಿರಲಿಲ್ಲ. ಯಾರೂ ಮುಟ್ಟಲು ಒಪ್ಪಲಿಲ್ಲ. ಅಪ್ಪ ಗುಂಡಿಗಿಳಿದು, ಬಿಗಿದುಕೊಂಡಿದ್ದ ಬೆರಳುಗಳನ್ನು ಬಿಡಿಸಿ ಲಿಂಗ ತೆಗೆದು ಪಂಚೆಗೆ ಒರೆಸಿ, ಅಂಗಿಯ ಜೇಬಿಗೆ ಹಾಕಿಕೊಂಡರು. ಫೋನಿದ್ದ ಜೇಬಿಗೇ.

ಸುಡುವುದು ಹೇಗೆಂದು ಅಲ್ಲಿದ್ದವರಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಯಾರೂ ಯಾರನ್ನೂ ಸುಟ್ಟವರಲ್ಲ. ಗೊತ್ತಿದ್ದವರನ್ನು ಊರಿನ ಆ ಬದಿಯಿಂದ ಕರೆಯೋಣವೆಂದು ಒಬ್ಬ ಹೇಳಿದ. ಈ ವಿಷಯ ಆ ಕೇರಿಗೆ ಹೋಗುವುದು ಬೇಡ ಎಂದು ಉಳಿದವರು ಅವನ ಬಾಯಿ ಮುಚ್ಚಿಸಿದರು. ಹಸಿ ಜಾಲಿಯ ಸೌದೆ ಕೆಳಗೆ ಹಾಕಿ, ಒಣಗಿದ್ದನ್ನು ಮೇಲೆ ಹಾಕಿದರು. ಅಡಿಯಲ್ಲಿ ಗಾಳಿಯಾಡಲು ಜಾಗವೇ ಬಿಡಲಿಲ್ಲ. ಟ್ರ್ಯಾಕ್ಟರಿನಿಂದ ಡೀಸೆಲ್ ತೆಗೆದು ಸುರಿದರು. ಬೆಂಕಿ ಮೇಲೆ ಮಾತ್ರ ಜೋರಾಗಿ ಎದ್ದು ಸೌದೆಯನ್ನು ತಿಂದು, ಒಳಗೆ ಹೋಗದೆ ಹೊಗೆಯಾಯಿತು. ಮತ್ತೆ ಡೀಸೆಲ್ ಸುರಿದರು. ಒಬ್ಬ ಹಳೆಯ ಟೈರು ತಂದು ಹಾಕಿದ. ಮದುವೆ ಮನೆಯ ಒಲೆಯ ಸುತ್ತ ನಿಂತವರಂತೆ ಆ ಕಡೆ ತಳ್ಳು, ಈ ಕಡೆ ಎತ್ತು ಎಂದು ಪ್ರತಿಯೊಬ್ಬರೂ ಬುದ್ಧಿ ಹೇಳುತ್ತಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ ಮೂಡಲಿನಿಂದ, ನರಸೀಪುರದ ಕಡೆಯಿಂದ, ಗಾಳಿ ಬಂತು. ಮೊದಲು ಹೊಗೆ ನಮ್ಮ ಮೇಲೆ ತಿರುಗಿತು. ಆಮೇಲೆ ಆಕಾಶ ಮುಚ್ಚಿತು. ದೂರದ ಹೊಲಗಳು ಒಂದೊಂದಾಗಿ ಮಸುಕಾಗುತ್ತಾ ಬಂದವು. ಅದು ಮಳೆಯೇ ಎಂದು ಒಪ್ಪಲು ಯಾರಿಗೂ ಧೈರ್ಯವಿರಲಿಲ್ಲ. ಮೊದಲ ಹನಿ ಟೈರಿನ ಮೇಲೆ ಬಿದ್ದು ಚುರ್ ಎಂದಾಗ ಮುದುಕಿ ಮುಗಿದ ಕೈ ಹಣೆಗೊತ್ತಿ ಕೂಗಿದಳು. ಗಂಡಸರು ಟವೆಲ್ ಬಿಚ್ಚಿ ಗಾಳಿಗೆ ಬೀಸಿದರು.

"ಗೆದ್ದೆ ಕಣಣ್ಣೋ!" ಎಂದು ಮೆಂಬರು ಅಪ್ಪನನ್ನು ತಬ್ಬಿಕೊಂಡ.

ಅಪ್ಪ ಆಕಾಶ ನೋಡಿದರು, ಬೆಂಕಿ ನೋಡಿದರು, ನನ್ನ ಕಡೆ ತಿರುಗಿದರು. "ಗುರುವಾರ ಅಂದಿದ್ಯಲ್ಲ ಕೂಸು," ಎಂದರು. ಆ ದಿನ ಅವರು ನನಗೆ ಹೇಳಿದ ಕೊನೆಯ ಮಾತು ಅದು. ಅಷ್ಟರಲ್ಲಿ ಯಾರೋ, "ಅಂಗ್ಡಿ ತಗಿಯಣ್ಣ, ನಾಳೆ ಬೆಳಿಗ್ಗೇನೇ ಆರು ಕಟ್ಟಿ ಉಳ್ಬೇಕು" ಎಂದರು. ಎಲ್ಲರೂ ಊರಿನ ಕಡೆ ಓಡಿದರು. ಅಪ್ಪ ಒಂದು ಕ್ಷಣ ನಿಂತಿದ್ದು, ಜೇಬಿನ ಮೇಲೆ ಅಂಗೈ ಮುಚ್ಚಿಕೊಂಡು ಅವರ ಹಿಂದೆ ಹೋದರು. ಫೋನು ನೆನೆಯದಿರಲಿ ಎಂದೋ, ಲಿಂಗ ಬೀಳದಿರಲಿ ಎಂದೋ ನಾನು ಹೇಳಲಾರೆ.

ಹೊಲದಲ್ಲಿ ಉಳಿದವರು ನಾನು ಮತ್ತು ಅವ್ವ. ಇಲ್ಲಿಂದ 'ನನ್ನ ನೆನಪಿನ ಪ್ರಕಾರ' ಎಂದೇ ಬರೆಯಬೇಕು.

ನನ್ನ ನೆನಪಿನ ಪ್ರಕಾರ ಮಳೆ ಚಿತೆಯನ್ನು ಆರಿಸಿತು. ಸದ್ದು ಮಾಡುತ್ತಾ, ಒಂದೊಂದೇ ಕಡೆಯಿಂದ ಆರಿಸಿತು. ಅವ್ವ ಎಲ್ಲಿಂದಲೋ ಆ ನೀಲಿ ಟಾರ್ಪಾಲು ತಂದಿದ್ದಳು, ಅತ್ತೆ ಸಂಡಿಗೆ ಇಡುತ್ತಿದ್ದದ್ದು. ಅದರ ಒಂದು ಮೂಲೆಯಲ್ಲಿ ಒಣಗಿದ ಹಿಟ್ಟಿನ ಚುಕ್ಕೆಗಳು ಇನ್ನೂ ಇದ್ದವು. ಮಳೆಗೆ ಅಡ್ಡ ಹಿಡಿದೆವು. ಗಾಳಿಗೆ ಅದು ನಮ್ಮಿಬ್ಬರನ್ನೂ ಎಳೆದಾಡಿತು. ಬೆಂಕಿ ಉಳಿಯಲಿಲ್ಲ. ಸೌದೆಯ ನಡುವೆ ಅವಳು ಅರ್ಧ ಹಾಗೆಯೇ ಇದ್ದಳು. ಒಂದು ಕೈ ಮೊಣಕೈಯಿಂದ ಮೇಲಕ್ಕೆದ್ದಿತ್ತು, ಲೋಟ ಹಿಡಿದು ಯಾರಿಗೋ ಕೊಡುವ ಹಾಗೆ.

"ಯಾರ್ನಾದ್ರೂ ಕರೀಲಾ ಅವ್ವ?" ಎಂದೆ.

"ಯಾರ್ನ ಕರೀತೀಯ? ಮಳೆ ಬಂತಲ್ಲ, ಅವರ್ ಕೆಲ್ಸ ಮುಗೀತು," ಎಂದಳು. "ಗುದ್ಲಿ ತಕೋ."

ಗುಂಡಿ ಅಲ್ಲೇ ಬಾಯಿ ತೆರೆದುಕೊಂಡಿತ್ತು, ಅಡಿಯಲ್ಲಿ ನೀರು ನಿಲ್ಲುತ್ತಿತ್ತು. ಟಾರ್ಪಾಲಿನಲ್ಲಿ ಸುತ್ತಿ ಎಳೆದೆವು. ಈ ಸಲ ಕೂರಿಸಲಾಗಲಿಲ್ಲ. ಲಿಂಗವಿಲ್ಲ, ವಿಭೂತಿಯಿಲ್ಲ, ಮಂತ್ರವಿಲ್ಲ. ಕೆಸರನ್ನೇ ಎಳೆದು ಮುಚ್ಚಿದೆವು. ಅವಳನ್ನು ಮಣ್ಣಿನಿಂದ ತೆಗೆಸಿದ ಮಳೆ ಅವಳನ್ನು ಮಣ್ಣಿಗೇ ವಾಪಸ್ಸು ಹಾಕಿಸಿತು. ಅವ್ವ ಮೇಲೆ ಸುಟ್ಟ ಸೌದೆ, ಬೂದಿ, ಕರಗಿದ ಟೈರಿನ ತಂತಿ ಎಲ್ಲವನ್ನೂ ಹರಡಿದಳು. ನೋಡಿದವರಿಗೆ ಅದು ಸುಟ್ಟ ಜಾಗವೆಂದೇ ಕಾಣಬೇಕಿತ್ತು.

ನಾವು ಹಿತ್ತಲಿನಿಂದ ಮನೆಗೆ ಬಂದಾಗ ಕರೆಂಟು ಹೋಗಿತ್ತು. ಅಂಗಡಿಯ ಮುಂದೆ ಜನ ನೆನೆಯುತ್ತಾ ನಿಂತು, ಫೋನುಗಳ ಬೆಳಕು ಹಿಡಿದು, ಎಳ್ಳು ಅಲಸಂದೆ ಎಂದು ಕೂಗುತ್ತಿದ್ದರು. ಅಪ್ಪ ತೂಗಿ ಕೊಡುತ್ತಿದ್ದರು. ನಗುತ್ತಿದ್ದರೇ ಎಂದು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕತ್ತಲಲ್ಲಿ ಕಾಣಲಿಲ್ಲ ಎನ್ನುವುದೇ ಸರಿ.

ಮಾರನೆಯ ದಿನ ಗುರುವಾರ, ಒಂದು ಹನಿಯೂ ಬರಲಿಲ್ಲ. ನೀಲಿ ಆಕಾಶ. ಅಪ್ಪ ಹಿತ್ತಲಿಗೆ ಬಂದು ನನ್ನ ಪಕ್ಕ ನಿಂತರು. "ಮಳೆ ಬಂದ್ಮೇಲೆ ಅಕ್ಕನ್ನ ಬುಡ್ತಿದ್ರು ಅನ್ಕಂಡಿದ್ದೀಯಾ?" ಎಂದರು. "ಮುಂದಿನ್ ವರ್ಷ ಬರ್ದಿದ್ರೆ ಮತ್ತೆ ಅವ್ಳೇ. ಅದ್ರಾಚೆ ವರ್ಷ ಮತ್ತೆ ಅವ್ಳೇ. ತಗುದು ಮಳೆ ಬರ್ದಿದ್ರೆ ಈ ಮನೇಲಿ ಇನ್ನೊಬ್ರನ್ನ ಉಡುಕ್ತಿದ್ರು. ಬರೋ ದಿನ ನೋಡ್ಕಂಡು ತಗುಸ್ದೆ. ಒಂದೇ ಸಲಕ್ಕೆ ಮುಗೀತು."

ಅದು ಸುಳ್ಳಲ್ಲ. ಜಗಲಿ ಮತ್ತೆ ತುಂಬಿದ್ದೂ ಸುಳ್ಳಲ್ಲ. ಅವರು ಅಕ್ಕನನ್ನು ಊರಿನಿಂದ ಬಿಡಿಸಲು ದಿನ ಗೊತ್ತು ಮಾಡಿದರೋ, ಅಂಗಡಿ ಉಳಿಸಿಕೊಳ್ಳಲೋ ಎಂದು ನಾನು ಇಷ್ಟು ದಿನ ತೂಗುತ್ತಾ ಬಂದಿದ್ದೇನೆ. ಎರಡೂ ಎಂದು ಬರೆದರೆ ಸಮಾಧಾನವಾಗಬೇಕಿತ್ತು. ಆಗುವುದಿಲ್ಲ. ಚಿತೆ ಆರಿದ ವಿಷಯವನ್ನು ಅಂದೂ ಅವರಿಗೆ ಹೇಳಲಿಲ್ಲ, ಇಂದೂ ಹೇಳಿಲ್ಲ. ಅವರು ಕೇಳಿಯೂ ಇಲ್ಲ.

ಈ ವರ್ಷ ಅಶ್ವಿನಿ ಒಣಗಿಯೇ ಹೋಯಿತು. ಭರಣಿಯೂ ಅರ್ಧ ಕಳೆದಿದೆ. ಕಳೆದ ಭಾನುವಾರ ನಾನು ಊರಿನಲ್ಲಿದ್ದಾಗ ಮೆಂಬರು ಜಗಲಿಯ ಮೇಲೆ ಕೂತು, ಬೀಡಿ ಹಚ್ಚುತ್ತಾ, ಹವಾಮಾನ ಕೇಳುವ ದನಿಯಲ್ಲೇ ಕೇಳಿದ: "ಅಣ್ಣೋ, ಅವತ್ತು ಅಕ್ಕ ಪೂರ್ತಿ ಸುಟ್ಟೋಗಿದ್ಲು ತಾನೆ? ಮಳೆ ಬಂತಲ್ಲ, ನಾವೆಲ್ಲ ಓಡ್ಬಂದ್ಬುಟ್ಟೋ."

ಅಪ್ಪ ಒಳಗೆ, ನಡುಮನೆಯ ಕಡೆ ನೋಡಿದರು. ಅವ್ವ ಮೊರ ಹಿಡಿದು ಹೊಸ್ತಿಲಿಗೆ ಬಂದಳು.

"ಬೂದಿ ಆಗಿದ್ರು," ಎಂದಳು. "ನಾನೇ ತಕಂಡೋಗಿ ಒಳೆಗ್ ಬುಟ್ಟೆ. ಯಾಕೆ, ನೀನೂ ಬರ್ಬೇಕಿತ್ತಾ ಮುಳ್ಗಕ್ಕೆ?"

ಜನ ನಕ್ಕರು. ಅವನು ಬೀಡಿ ಎಳೆದ.

ಅವನು ಹೋದ ಮೇಲೆ ಅಡುಗೆಮನೆಯಲ್ಲಿ ಅವ್ವನನ್ನು ಕೇಳಿದೆ. "ಹೊಳೆಗೆ ಯಾವಾಗ ಬಿಟ್ಟೆ?"

"ಬುಟ್ಟೆ."

"ನಾವಿಬ್ರೂ ಆ ಗುಂಡಿಗೆ..."

"ಯಾವ್ ಗುಂಡಿ?" ಎಂದಳು. ಮೊರದಲ್ಲಿದ್ದ ಅಕ್ಕಿಯಿಂದ ಕಣ್ಣೆತ್ತಲಿಲ್ಲ. ನಾನು ಮತ್ತೆ ಬಾಯಿ ತೆರೆದಾಗ ಎತ್ತಿದಳು. ಆ ನೋಟ ನೋಡಿ ನಾನು ನನ್ನ ಅಂಗೈಗಳನ್ನು ನೋಡಿಕೊಂಡೆ, ಗುದ್ದಲಿಯ ಗುರುತೇನಾದರೂ ಉಳಿದಿದೆಯೇ ಎಂದು. ಇಷ್ಟು ಕಾಲದ ಮೇಲೆ ಉಳಿಯುವುದಿಲ್ಲ. ನನ್ನ ನೆನಪಿಗೆ ಇದ್ದದ್ದು ಒಬ್ಬಳೇ ಸಾಕ್ಷಿ. ಅವಳು ಬೇರೆಯದನ್ನು ಹೇಳಲು ನಿರ್ಧರಿಸಿದ್ದಾಳೆ, ಅದನ್ನು ಸಾಯುವವರೆಗೂ ಹೇಳುತ್ತಾಳೆ. ಒಮ್ಮೊಮ್ಮೆ ಅವಳು ಹೇಳುವುದೇ ನಡೆದಿರಲಿ ಎಂದು ಆಸೆಯಾಗುತ್ತದೆ. ಅತ್ತೆ ಇನ್ನೂ ಮಣ್ಣಿನಲ್ಲಿದ್ದಾಳೆಂದು ತಿಳಿದರೆ ಮತ್ತೆ ತೆಗೆಯುತ್ತಾರೆ; ಇಲ್ಲಿ ಊರಿನ ಹೆಸರು ಬರೆಯದಿರುವುದಕ್ಕೆ ಕಾರಣ ಅದು.

ನಿನ್ನೆ ಸಂಜೆ ಅಪ್ಪನ ಫೋನ್ ಬಂತು. ಹಿಂದೆ ಜಗಲಿಯ ಸದ್ದು ಕೇಳಿಸುತ್ತಿತ್ತು, ಸ್ಪೀಕರಿಗೆ ಹಾಕಿದ್ದರೆಂದು ಕಾಣುತ್ತದೆ.

"ಕೂಸು, ಕೊಲ್ಲೀಲಿ ಏನಾದ್ರೂ ಅದಾ?"

ನಾನು ನಕ್ಷೆ ತೆರೆದು ನೋಡಿದೆ. ಬಂಗಾಳ ಕೊಲ್ಲಿ ಖಾಲಿಯಾಗಿತ್ತು. ಅರಬ್ಬೀ ಸಮುದ್ರವೂ ಖಾಲಿ. ವಾರಪೂರ್ತಿ ಬಿಸಿಲನ್ನೇ ತೋರಿಸುತ್ತಿತ್ತು, ಅಲ್ಲೊಂದು ಇಲ್ಲೊಂದು ಬಿಡಿ ಮೋಡದ ಸಾಧ್ಯತೆ ಬಿಟ್ಟರೆ.

"ಹೇಳು ಕೂಸು. ಎಲ್ಲ ಕಾಯ್ತಾವ್ರೆ."

"ಬತ್ತದೆ ಅಪ್ಪ," ಎಂದೆ.

"ಯಾವತ್ತು?"

"ಈ ವಾರದಲ್ಲೇ. ಖಚಿತ."

ಆ ಕಡೆ ಯಾರೋ ಸಮಾಧಾನದ ಉಸಿರು ಬಿಟ್ಟದ್ದು ಕೇಳಿಸಿತು. ಅಪ್ಪ ಅದನ್ನೇ ಜೋರಾಗಿ ಜಗಲಿಗೆ ಹೇಳಿದರು. ಇವತ್ತು ಬೆಳಿಗ್ಗೆ ಅವ್ವನಿಗೆ ಫೋನ್ ಮಾಡಿ ಕೇಳಿದೆ, ಜನ ಒಣ ಮಣ್ಣಿಗೇ ಬೀಜ ಹಾಕುತ್ತಿದ್ದಾರಂತೆ.